ಇಲ್ಲದ ಕಾರ್ಡಿನ ಜಾಗ

ಕಂಪ್ಯೂಟರ್ ಕೆಲಸಕ್ಕೆಂದು ಹೋಗಿ, ಶಹಾಬಾದದ ಪರಸಿ ಕಲ್ಲಿನ ಕಾರ್ಖಾನೆಯ ಆಫೀಸಿನಲ್ಲಿ ಲಿನಕ್ಸ್ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್, ಒಂದನ್ನು ನಕಲು ಮಾಡಿದೆ. ಎಲ್ಲಾ ಬಂತು, ನೆಟ್‌ವರ್ಕ್ ಮಾತ್ರ ಬರಲಿಲ್ಲ. ಅದಿಲ್ಲದೆ ಗೇಟ್ ಪಾಸ್ ಅಚ್ಚಾಗುವಂತಿರಲಿಲ್ಲ; ಹೊರಗೆ ಲಾರಿಗಳು ಕಾಯುತ್ತಿದ್ದವು. ಹುಡುಕಿದರೆ, ನಕಲು ಮಷಿನ್ನು ಹಳೆಯದರ ನೆಟ್‌ವರ್ಕ್ ಕಾರ್ಡನ್ನೇ ಇನ್ನೂ ನೆನಪಿಟ್ಟುಕೊಂಡಿತ್ತು. ಮೊದಲ ಜಾಗ, ಈಗ ಇಲ್ಲದ ಆ ಕಾರ್ಡಿಗೇ ಮೀಸಲು. ಹೊಸ ಕಾರ್ಡು ಎರಡನೆಯದಾಗಿ ಸುಮ್ಮನೆ ಕೂತಿತ್ತು.

ಗುಮಾಸ್ತ ಬಸಣ್ಣನವರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ.

"ನಮ್ಮಲ್ಲೂ ಹಂಗೇ ಅದರಿ. ಹೆಡ್ ಗುಮಾಸ್ತರು ತೀರಿಕೊಂಡು ವರ್ಷ ಆತು, ಅವರ ಕುರ್ಚಿ ಮ್ಯಾಲ ಯಾರೂ ಕುಂದ್ರಂಗಿಲ್ಲ."

ಮಷಿನ್ನಿನ ನೆನಪಿನ ಫೈಲಿನಿಂದ ಹಳೆಯ ಕಾರ್ಡಿನ ಸಾಲು ಅಳಿಸಿ ಮಷಿನ್ ಮತ್ತೆ ಚಾಲೂ ಮಾಡಿದೆ. ನೆಟ್‌ವರ್ಕ್ ಬಂತು.

"ಯಾವ ಕುರ್ಚಿರಿ ಅದು?" ಎಂದು ಕೇಳಿದೆ.

"ನೀವು ಬಂದವ್ರೇ ಸೀದಾ ಅದರಾಗೇ ಕುಂತ್ರಿ. ಹೆಂಗ ಎಬ್ಬಸಬೇಕ್ರಿ?"

ಥಟ್ಟನೆ ಎದ್ದೆ. ಎರಡು ತಾಸು ಕೂತಿದ್ದರೂ, ಮುಟ್ಟಿ ನೋಡಿದರೆ ಕುರ್ಚಿ ತಣ್ಣಗಿತ್ತು. ಉಳಿದ ಕೆಲಸ ನಿಂತೇ ಮುಗಿಸಿದೆ.