ಕಾಗುಣಿತದ ಇಂಗ್ಲಿಷು

ದೇವರ ದೀಪ ಹಚ್ಚಿದ ಮೇಲೆ, ಚಹಾಕ್ಕೆ ನೀರಿಡುವ ಮೊದಲು, ಉಮಾವತಿ ಪೇಪರಿನ ಒಳಪುಟ ತೆರೆಯುತ್ತಿದ್ದರು. ಅಲ್ಲಿ ದಿನಾ ನಾಲ್ಕು ಇಂಗ್ಲಿಷ್ ಅಕ್ಷರ ಕೊಟ್ಟಿರುತ್ತಿದ್ದರು. ಆ ನಾಲ್ಕೂ ಯಾವ ಕ್ರಮದಲ್ಲಾದರೂ ಇರುವ ಪದಗಳನ್ನು ಹುಡುಕಬೇಕು, ಜೊತೆಗೆ ಬೇರೆ ಅಕ್ಷರ ಸೇರಿದರೂ ಆದೀತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಐದು ಪದವಾದರೂ ಬೀಳುವ ತನಕ ಅವರು ಒಲೆ ಹಚ್ಚುತ್ತಿರಲಿಲ್ಲ. ಜ್ವರ ಬಂದಾಗಲೂ, ಮಗಳ ಮದುವೆಯ ಬೆಳಿಗ್ಗೆಯೂ ಇದು ತಪ್ಪಲಿಲ್ಲ. ಗಂಡ ದೇವದಾಸ್, ಮುಂಬಯಿ ಪಕ್ಕದ ಠಾಣೆಯಲ್ಲಿ, ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಬೇಗ ಹೊರಡಬೇಕಾದವರು, ಷರ್ಟಿನ ಗುಂಡಿ ಹಾಕುತ್ತ ಕೇಳುತ್ತಿದ್ದರು: "ಎಂತ ಮಾರಾಯ್ತಿ, ಇವತ್ತು ಚಾ ಉಂಟಾ? ಅಲ್ಲ, ಸ್ಪೆಲ್ಲಿಂಗೇ ಕುಡಿದು ಹೋಗ್ಬೇಕಾ?"

ಉಮಾವತಿ ಓದಿದ್ದು ಕಾರ್ಕಳದ ಹತ್ತಿರದ ಶಾಲೆಯಲ್ಲಿ, ಏಳನೆಯ ತನಕ, ಕನ್ನಡದಲ್ಲಿ. ಮದುವೆಯಾಗಿ ಠಾಣೆಯ ವರ್ತಕ ನಗರಕ್ಕೆ ಬಂದ ಮೇಲೆ ಸ್ಟೇಷನ್ನಿನ ಬೋರ್ಡು, ಔಷಧದ ಬಾಟಲಿ, ಬಿಸ್ಕಿಟಿನ ಪೊಟ್ಟಣ ನೋಡಿ ನೋಡಿ ಇಂಗ್ಲಿಷ್ ಕಲಿತರು. ಪದ ಹುಡುಕುವುದಕ್ಕೂ ಅವರದೇ ಒಂದು ಕ್ರಮವಿತ್ತು. ಜಿ ಅಂದರೆ ಗ. ಗ ಗಾ ಗಿ ಗೀ ಗು ಗೂ ಎಂದು ಕಾಗುಣಿತದ ಬಳ್ಳಿ ಓಡಿಸುವುದು, ಹಿಂದೆ ಮುಂದೆ ಉಳಿದ ಅಕ್ಷರಗಳನ್ನು ಅಂಟಿಸುವುದು, ಎಲ್ಲಾದರೂ ಕೇಳಿದ ಶಬ್ದವಾಗುತ್ತದೋ ಎಂದು ಕಿವಿಗೊಡುವುದು. ಸಂಜೆ ಪಕ್ಕದ ಮನೆಯ ನಿವೃತ್ತ ಗುಮಾಸ್ತ ಜಯಶೀಲರ ದಪ್ಪ ಡಿಕ್ಷನರಿಯಲ್ಲಿ ಸರಿಯೋ ತಪ್ಪೋ ನೋಡಿ ಬರುತ್ತಿದ್ದರು.

೨೦೦೯ರಲ್ಲಿ ಜಯಶೀಲರು ದೀಪಾವಳಿ ಕಳೆದ ಮೇಲೆ ನೆರೂಳಿನ ಮಗನ ಮನೆಗೆ ಹೋಗುವುದೆಂದಾಯಿತು. ಡಿಕ್ಷನರಿಯೂ ಅವರೊಂದಿಗೆ ಹೋಗುತ್ತದೆ. ಹೊಸದೊಂದನ್ನು ಕೊಳ್ಳಬಹುದಿತ್ತು, ಆದರೆ ಏಳನೆಯ ಕ್ಲಾಸಿನವಳಿಗೆ ಅಷ್ಟು ದೊಡ್ಡ ಪುಸ್ತಕ ಏಕೆ ಎಂದು ಯಾರಾದರೂ ನಕ್ಕಾರು ಎಂಬ ಅಳುಕು ಉಮಾವತಿಗೆ. ಅದೇ ಹೊತ್ತಿಗೆ ಡೊಂಬಿವಲಿಯ ಕನ್ನಡ ಸಂಘದವರು ಮಹಿಳೆಯರಿಗೆ ಇಂಗ್ಲಿಷ್ ಪದ ಹುಡುಕುವ ಸ್ಪರ್ಧೆ ಇಟ್ಟರು. ಮೊದಲ ಬಹುಮಾನ ಡಿಕ್ಷನರಿ. ಗೆದ್ದು ತಂದರೆ ಯಾರೂ ನಗುವ ಹಾಗಿಲ್ಲ ಎಂದುಕೊಂಡು ಅವರು ಹೆಸರು ಕೊಟ್ಟರು.

ಹಲಗೆಯ ಮೇಲೆ ಬರೆದದ್ದು ಜಿ, ಯು, ಎನ್, ವೈ. ಅರ್ಧ ಗಂಟೆ ಸಮಯ. ಇಬ್ಬರ ಪದಗಳು ಸಮವಾದರೆ ಕಾಗದ ಮೊದಲು ಕೊಟ್ಟವರೇ ಗೆದ್ದಂತೆ.

ಎಣಿಸಿ ನೋಡಿದಾಗ ಕಾಲೇಜಿನಲ್ಲಿ ಕಲಿಸುವ ಮಾನಸಿಗೆ ಒಂಬತ್ತು, ಉಮಾವತಿಗೂ ಒಂಬತ್ತು. ಮೊದಲು ಕೊಟ್ಟವಳು ಮಾನಸಿ. ಆದರೆ ಉಮಾವತಿ ಬರೆದದ್ದು ಹತ್ತು. ಹತ್ತನೆಯದನ್ನು ತೀರ್ಪುಗಾರ್ತಿ ನಿಕಿತಾ ಹೊಡೆದುಹಾಕಿದ್ದಳು.

"ಗನ್ನಿ ಅಂತ ಬರ್ದಿದ್ದೀರಲ್ಲ ಆಂಟಿ, ಅದು ನಮ್ಮ ಗೋಣಿ ಅಲ್ವಾ? ಇಂಗ್ಲಿಷ್ ಅಲ್ಲ."

"ಇಂಗ್ಲಿಷೇ. ಇವರ ಕ್ಯಾಂಟೀನಿನ ಅಕ್ಕಿ ಚೀಲದ ಚೀಟಿಯಲ್ಲಿ ಉಂಟು, ನಾನು ಓದಿದ್ದೇನೆ."

"ಗೋಣಿಗೆ ಕೋಟು ಹಾಕ್ಸಿ ತಂದಿದ್ದಾರೆ ಉಮಕ್ಕ," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಸಭೆ ನಕ್ಕಿತು.

ಉಮಾವತಿ ನಗಲಿಲ್ಲ. "ಡಿಕ್ಷನರಿ ಎದುರಿಗೇ ಉಂಟಲ್ಲ, ಬಿಡಿಸಿ ನೋಡಿ," ಎಂದರು.

ಸಂಘದ ಅಧ್ಯಕ್ಷ ಕಮಲಾಕ್ಷರಿಗೆ ಬಹುಮಾನದ ಮಿಂಚು ಕಾಗದ ಹರಿಯಲು ಮನಸ್ಸಿರಲಿಲ್ಲ. ಆದರೂ ಹರಿದರು. ನಿಕಿತಾ ಪುಟ ಮಗುಚಿದಳು, ಬೆರಳಿಟ್ಟಳು, ಕಿವಿ ಕೆಂಪಾಯಿತು. "ಇದೆ," ಎಂದಳು.

ಚಪ್ಪಾಳೆ ಬಿತ್ತು. ಡಿಕ್ಷನರಿ ಉಮಾವತಿಯ ಕೈಗೆ ಬಂತು. ಅವರು ಆ ಗನ್ನಿಯನ್ನು ಕಣ್ಣಾರೆ ನೋಡಿದರು. ಮತ್ತೆ ಎಂದಿನ ಸಂಜೆಯಂತೆ ತಮ್ಮ ಉಳಿದ ಪದಗಳನ್ನೂ ಒಂದೊಂದಾಗಿ ತೆಗೆದು ನೋಡತೊಡಗಿದರು. ಎಚ್‌ನಲ್ಲಿ ಅವರ ಬೆರಳು ನಿಂತಿತು. ಪುಸ್ತಕದಲ್ಲಿದ್ದ, ಹಸಿದ ಎಂಬರ್ಥದ ಹಂಗ್ರಿಯಲ್ಲಿ ಆರು ಅಕ್ಷರ, ಅವರು ಬರೆದದ್ದರಲ್ಲಿ ಏಳು. ಗ ಬರೆಯುವಾಗ ಅದರ ಹೊಟ್ಟೆಯೊಳಗಿನ ಅಕಾರವೂ ಕೈಯಿಂದ ಇಳಿದು, ಜಿ ಮತ್ತು ಆರ್ ನಡುವೆ ಎ ಆಗಿ ಕೂತಿತ್ತು.

"ನಿಕಿತಾ, ಇದು ತಪ್ಪು. ನೀನು ಟಿಕ್ ಹಾಕಿದ್ದಿ."

ನಿಕಿತಾ ಬಗ್ಗಿ ನೋಡಿದಳು. "ಅಯ್ಯೋ, ನಾನು ಹಂಗ್ರಿ ಅಂತಲೇ ಓದ್ಬಿಟ್ಟೆ. ಇದು ಹಂಗೇರಿ ದೇಶ ಆಯ್ತು ಆಂಟಿ."

"ದೇಶದ ಹೆಸರು ನಡೆಯುತ್ತದಾ?"

"ಇಲ್ಲ."

"ಹಾಗಾದರೆ ನನ್ನದು ಒಂಬತ್ತೇ."

ಕಮಲಾಕ್ಷರು ಹತ್ತಿರ ಬಂದು ದನಿ ತಗ್ಗಿಸಿದರು. "ಒಂದು ಅಕ್ಷರ ಅಲ್ವಾ ಅಕ್ಕ, ಬಿಟ್ಟುಬಿಡಿ. ಚಪ್ಪಾಳೆ ಸಹ ಆಗಿ ಆಯ್ತು. ಇನ್ನು ವಾಪಸ್ ತಗೊಂಡ್ರೆ ದೇವದಾಸಣ್ಣನಿಗೆ ಮುಖ ತೋರಿಸುವುದು ಹೇಗೆ ನಾನು?"

"ಅವರಿಗೆ ನಾನು ಹೇಳ್ತೇನೆ." ಉಮಾವತಿ ಪೆನ್ನು ಇಸಕೊಂಡು ಆ ಪದದ ಮೇಲೆ ತಾವೇ ಗೀಟು ಎಳೆದರು. ಡಿಕ್ಷನರಿ ಮುಚ್ಚಿ, ಸೆರಗಿನಿಂದ ಒರೆಸಿ, ಮಾನಸಿಯ ಮುಂದೆ ಹಿಡಿದರು.

ಮಾನಸಿ ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ. ಮನೆಯಲ್ಲಿ ಈಗಾಗಲೇ ಎರಡಿವೆ, ನೀವೇ ಇಟ್ಟುಕೊಳ್ಳಿ ಎನ್ನುತ್ತ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. "ಆಂಟಿ, ಆಪ್ ಹೀ ರಖ್ ಲೋ ನಾ. ಮೇರೇ ಘರ್ ಮೇ ದೋ ಹೈ. ಸಚ್ಚೀ."

ಉಮಾವತಿ ಪುಸ್ತಕದ ಭಾರವನ್ನು ಒಂದು ಗಳಿಗೆ ಕೈಯಲ್ಲೇ ತೂಗಿದರು.

"ಬೇಡ ಮಗಾ," ಎಂದರು. "ಮೂರನೆಯದೂ ನಿನ್ನದೇ. ಕಮಲಾಕ್ಷಣ್ಣ, ಸೆಕೆಂಡ್ ಪ್ರೈಜ್ ಎಂತ ಉಂಟು, ಅದನ್ನು ಕೊಡಿ."