ಸುಲ್ಮಕ್ಕನ ಮೂರು ಬಾಲ್ಕನಿಯ ಮನೆ

"ಅಮ್ಮಾ, ಸುಲ್ಮಾ ಅಜ್ಜಿ ಆಲೂಗಡ್ಡೆಗೆ ಯಾಕೆ ಒಂದು ಇಡೀ ಕೋಣೆ ಕೊಟ್ಟಿದ್ದಾರೆ?"

ಅಬ್ರಿಲ್ ಇದನ್ನು ಕೇಳಿದ್ದು ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡು. ಐದು ವರ್ಷದ ಅವಳೂ ನಾನೂ ಅವಳ ಅಪ್ಪನೂ ಮಲಗುವುದು ಒಂದೇ ಕೋಣೆಯಲ್ಲಿ. ಹಾಗಾಗಿ ಅವಳ ಪ್ರಕಾರ ಇದು ದೊಡ್ಡ ಅನ್ಯಾಯ. "ಮೊದಲು ಉಗುಳು, ಆಮೇಲೆ ಹೇಳ್ತೀನಿ" ಅಂದೆ. ಉಗುಳಿದವಳು ಹಾಸಿಗೆಗೆ ಬಿದ್ದು ನಿದ್ದೆ ಹೋದಳು. ಓದಲು ಕಲಿತ ಮೇಲೆ ಓದಿಕೊಳ್ಳಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಗಂಡ ಗಸ್ತೋನ್ ಈ ಕಟ್ಟಡ ನೋಡಿಕೊಳ್ಳುವವನು. ಮೆಟ್ಟಿಲು ಒರೆಸುವುದು, ಹಿತ್ತಾಳೆ ಹಿಡಿಕೆ ಉಜ್ಜುವುದು, ಬಾಯ್ಲರು ಕೆಟ್ಟರೆ ಬೈಸಿಕೊಳ್ಳುವುದು ಎಲ್ಲ ಅವನ ಪಾಲಿಗೆ. ತಾರಸಿಯ ಮೇಲಿನ ಮನೆ ನಮಗೆ ಕೆಲಸದ ಜೊತೆ ಬಂದದ್ದು. ಬ್ಯೂನಸ್ ಐರಿಸ್‌ನ ಹಳೇ ಕಟ್ಟಡಗಳಂತೆ ಇದಕ್ಕೂ ಎರಡು ಲಿಫ್ಟು. ಮುಂದಿನದರಲ್ಲಿ ಕನ್ನಡಿ ಇದೆ. ಹಿಂದಿನದು ಕಸದ ಡಬ್ಬಿ, ಸಾಮಾನು, ಕೆಲಸದವರಿಗೆ. ಅದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆ ಬಾಗಿಲ ಪಕ್ಕದಲ್ಲೇ ಕೆಲಸದವಳ ಕೋಣೆ. ಮಂಚ ಹಾಕಿದರೆ ಬಾಗಿಲು ಪೂರ್ತಿ ತೆಗೆಯಲಾಗುವುದಿಲ್ಲ, ಅಷ್ಟೇ ಅಗಲ.

ಸುಲ್ಮಕ್ಕ ಹದಿನೈದನೇ ವಯಸ್ಸಿನಿಂದ ಅಂಥ ಕೋಣೆಗಳಲ್ಲೇ ಮಲಗಿದವರು. ಸಾಂತಿಯಾಗೊ ದೆಲ್ ಎಸ್ತೆರೊದ ಬಿಸಿಲು ನಾಡಿನಿಂದ ರೈಲು ಹತ್ತಿ ಬಂದರು. ಹಿಂದೆಯೇ ತಂಗಿ ಎಲ್ಬಾ, ಆಮೇಲೆ ಕಿರಿಯವಳು ನಿಲ್ಡಾ. ಮೂವರೂ ಒಂದೊಂದು ಮನೆಯ ಅಡುಗೆಮನೆ ಹಿಂದೆ ಸೇರಿಕೊಂಡರು. ಬೇರೆಯವರ ಮಕ್ಕಳನ್ನು ಎತ್ತಿ ಆಡಿಸಿದರು, ಬೇರೆಯವರ ಮುದುಕರ ಕಣ್ಣು ಮುಚ್ಚಿದರು. ಭಾನುವಾರ ಮಧ್ಯಾಹ್ನ ಬಿಡುವು. ಆಗ ಚೌಕದ ಮರದಡಿಯ ಬೆಂಚಿನಲ್ಲಿ ಸೇರಿ, ಒಂದೇ ಸೋರೆಬುರುಡೆಯಿಂದ ಸರದಿಯಲ್ಲಿ ಮಾಟೆ ಸೊಪ್ಪಿನ ಕಷಾಯ ಹೀರುತ್ತಾ ವಾರದ ಸುಖದುಃಖ ಹೇಳಿಕೊಳ್ಳುತ್ತಿದ್ದರು. ಮಳೆ ಬಂದರೆ ರೈಲು ನಿಲ್ದಾಣ. ಮೂವರ ತಲೆಯೂ ನರೆಯಿತು. ಈ ಊರಿಗೆ ಬಂದ ಮೇಲೆ ಅಕ್ಕತಂಗಿಯರು ಒಂದೇ ಸೂರಿನಡಿ ಒಂದು ರಾತ್ರಿಯೂ ಕಳೆದಿರಲಿಲ್ಲ.

ಈ ವರ್ಷ ಬೇಸಿಗೆ ಮುಗಿಯುವಾಗ ಸುಲ್ಮಕ್ಕನ ಯಜಮಾನಿ ತೀರಿಕೊಂಡರು. ಅವರ ಅಣ್ಣನ ಮಕ್ಕಳಿಗೆ ಮನೆ ಮಾರಬೇಕಿತ್ತು. ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ ಎಂದು ಮರ್ಯಾದೆಯಿಂದಲೇ ಹೇಳಿದರು. ಅದೇ ವಾರ ನಮ್ಮ ಮೂರನೇ ಮಹಡಿಯ ದೊನ್ ಅತೀಲಿಯೊ ಮಗಳ ಊರಿಗೆ ಹೊರಡುವುದೆಂದಾಯಿತು. ಅವರ ಸ್ವಂತ ಮನೆ ಬಾಡಿಗೆಗೆ ಸಿಗುವಂತಾಯಿತು. ಐದು ಕೋಣೆ, ಬೀದಿಗೆ ಮುಖ ಮಾಡಿದ ಮೂರು ಬಾಲ್ಕನಿ. ತರಕಾರಿ ಅಂಗಡಿಯಲ್ಲಿ ಸಿಕ್ಕ ಸುಲ್ಮಕ್ಕನಿಗೆ ನಾನೇ ಬಾಯಿಬಿಟ್ಟೆ.

"ಅಷ್ಟು ದೊಡ್ಡದು ಯಾಕಕ್ಕಾ?" ಎಂದು ನಿಲ್ಡಾ ಬೆಂಚಿನಲ್ಲಿ ಕೂತು ತಕರಾರು ತೆಗೆದಳಂತೆ. "ಊರಾಚೆ ಎರಡು ಕೋಣೆ ಸಿಗುತ್ತೆ. ಕಟ್ಟಡದ ಹಿಂಭಾಗದಲ್ಲಾದ್ರೆ ಇನ್ನೂ ಅಗ್ಗ."

"ಹಿಂಭಾಗದಲ್ಲಿ ನಲವತ್ತೇಳು ವರ್ಷ ಇದ್ದೆ ಕಣೇ, ಅಲ್ಲಿ ಏನಿದೆ ಅಂತ ಗೊತ್ತು" ಎಂದರಂತೆ ಸುಲ್ಮಕ್ಕ.

ಬರೀ ಹಟವಲ್ಲ ಅದು. ಮೂವರೂ ಹೊಲಿಗೆ ಬಲ್ಲವರು. ಇಲ್ಲಿ ಶಾಲೆಯ ಮಕ್ಕಳೆಲ್ಲ ಹಾಕುವ ಬಿಳಿ ಮೇಲಂಗಿ ಹೊಲಿದುಕೊಡಲು ಒಬ್ಬ ವ್ಯಾಪಾರಿ ಒಪ್ಪಿದ್ದ. ಬಟ್ಟೆ ಕತ್ತರಿಸಲು ಉದ್ದನೆಯ ಮೇಜು ಬೇಕು, ಮೇಜಿಗೆ ಹಜಾರ ಬೇಕು, ಕಣ್ಣಿಗೆ ಬೆಳಕು ಬೇಕು. ಇಬ್ಬರ ಪಿಂಚಣಿ, ನಿಲ್ಡಾಳ ಶಾಲೆ ಅಡುಗೆಯ ಸಂಬಳ, ಮೇಲೆ ಹೊಲಿಗೆ. ಬಾಡಿಗೆಗೆ ಸಾಲುತ್ತಿತ್ತು. ಸಾಲದೆ ಬಂದದ್ದು ಬೇರೆ.

ಮನೆ ನೋಡಲು ಬರುವ ದಿನ ಗಸ್ತೋನ್ ಮುಂಬಾಗಿಲಲ್ಲೇ ಕಾದಿದ್ದ. ಸುಲ್ಮಕ್ಕ ಎಲ್ಲರಿಗಿಂತ ಮೊದಲು ಬಂದು, ಬಸ್ಸಿನ ಚೀಟಿ ಹುಡುಕುತ್ತಾ, ಯಾವುದೋ ಯೋಚನೆಯಲ್ಲಿ ಪಕ್ಕದ ಓಣಿಯಿಂದ ಒಳಬಂದು ಹಿಂದಿನ ಲಿಫ್ಟು ಹತ್ತಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಾಲು ತಾನಾಗಿಯೇ ಕರೆದುಕೊಂಡು ಹೋಯಿತು ಎಂದು ಆಮೇಲೆ ಹೇಳಿದರು. ಅಡುಗೆಮನೆಯ ಗಂಟೆ ಒತ್ತಿದರು. ದೊನ್ ಅತೀಲಿಯೊ ಬಾಗಿಲು ತೆಗೆದರು.

"ಬಾಮ್ಮ, ಬಾ. ನಿಮ್ಮನೆಯವರು ಎಲ್ಲಿ?"

"ಬರ್ತಿದಾರೆ" ಎಂದರು ಸುಲ್ಮಕ್ಕ. ತಂಗಿಯರನ್ನು ಕೇಳುತ್ತಿದ್ದಾರೆ ಎಂದುಕೊಂಡರು.

"ಬರಲಿ. ಅಷ್ಟರಲ್ಲಿ ನಿನ್ನ ಕೋಣೆ ನೋಡು. ಕಿಟಕಿ ಇದೆ, ಗಾಳಿಗೇನೂ ಕೊರತೆ ಇಲ್ಲ. ಹಿಂದೆ ಇದ್ದವಳು ಇಪ್ಪತ್ತು ವರ್ಷ ಇದ್ದಳು, ಒಂದು ದಿನ ದೂರು ಹೇಳಲಿಲ್ಲ."

ಅಷ್ಟು ಹೇಳಿ ಅವರು ಹಜಾರಕ್ಕೆ ಹೋದರು. ತೊಟ್ಟಿಯಲ್ಲಿ ಬೆಳಗಿನ ಕಾಫಿ ಬಟ್ಟಲು ಬಿದ್ದಿದ್ದವು. ಸುಲ್ಮಕ್ಕ ತೋಳು ಮೇಲೆತ್ತಿ ತೊಳೆಯತೊಡಗಿದರು. ಯಾರೂ ಹೇಳಿರಲಿಲ್ಲ. ಕೊಳೆ ಬಟ್ಟಲು ಕಂಡರೆ ಆ ಕೈ ಸುಮ್ಮನಿರುವುದಿಲ್ಲ.

ನಾನು ಎಲ್ಬಾ, ನಿಲ್ಡಾರನ್ನು ಕನ್ನಡಿ ಲಿಫ್ಟಿನಲ್ಲಿ ಕರೆದುಕೊಂಡು ಹೋದಾಗ ದೊನ್ ಅತೀಲಿಯೊ ಟೈ ಸರಿಮಾಡಿಕೊಂಡು ಬಾಗಿದರು. "ಬನ್ನಿ, ಬನ್ನಿ. ನಿಮ್ಮ ಕೆಲಸದಾಕೆ ಆಗಲೇ ಬಂದಿದ್ದಾಳೆ, ಒಳ್ಳೇ ಹೆಂಗಸು. ನಿಮ್ಮಿಬ್ಬರಲ್ಲಿ ಮನೆ ಹಿಡಿಯೋ ಯಜಮಾನಿ ಯಾರು?"

ನಿಲ್ಡಾ ಅಡುಗೆಮನೆ ಕಡೆ ಕತ್ತು ಚಾಚಿ ನೋಡಿದಳು. "ಯಜಮಾನಿ ಅಲ್ಲಿ ನಿಮ್ಮ ಬಟ್ಟಲು ತೊಳೀತಿದಾರೆ ಸ್ವಾಮಿ."

ನೀರು ನಿಂತಿತು. ಸುಲ್ಮಕ್ಕ ಕೈ ಒರೆಸಿಕೊಳ್ಳುತ್ತಾ ಬಂದರು. ಮುಖ ಕೆಂಪಾಗಿತ್ತು, ದನಿ ಮಾತ್ರ ಎಂದಿನಂತೆಯೇ ಇತ್ತು.

"ಮೂರು ಬಟ್ಟಲು ತೊಳೆದಿಟ್ಟಿದೀನಿ. ನಾಲ್ಕನೇದರ ಹಿಡಿ ಸೀಳಿದೆ, ಅದು ನನ್ನ ಲೆಕ್ಕಕ್ಕೆ ಬೇಡ. ಈಗ ಬಾಲ್ಕನಿ ತೋರಿಸಿ."

ಆ ಮುದುಕರ ಅವಸ್ಥೆ ನೋಡಲಾಗಲಿಲ್ಲ. "ಕ್ಷಮಿಸಿ, ನೀವು... ಹಿಂದಿನಿಂದ ಬಂದಿರಿ, ನಾನು..." ಎಂದು ತಡವರಿಸುತ್ತಾ ಬಾಲ್ಕನಿಯ ಮೂರೂ ಬಾಗಿಲು ತಾವೇ ತೆರೆದರು. ಸುಲ್ಮಕ್ಕ ಕಂಬಿ ಹಿಡಿದು ನಿಂತು ಬೀದಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಎಲ್ಬಾ ಹಜಾರವನ್ನು ಹೆಜ್ಜೆಯಲ್ಲಿ ಅಳೆದು "ಮೇಜು ಹಿಡಿಯುತ್ತೆ" ಎಂದಳು.

ಮನೆ ಕೊಡುವುದಕ್ಕೆ ದೊನ್ ಅತೀಲಿಯೊಗೆ ಮನಸ್ಸಿತ್ತು. ಆದರೆ ಈ ನಗರದಲ್ಲಿ ಬರೀ ಮನಸ್ಸು, ಬಾಡಿಗೆ ನೋಡಿ ಯಾರೂ ಬೀಗದಕೈ ಕೊಡುವುದಿಲ್ಲ. ರಾಜಧಾನಿಯ ಎಲ್ಲೆಯೊಳಗೆ ಸ್ವಂತ ಆಸ್ತಿ ಇರುವ ಒಬ್ಬರು ಅದನ್ನೇ ಒತ್ತೆಯಿಟ್ಟು ಜಾಮೀನು ನಿಲ್ಲಬೇಕು. "ಶುಕ್ರವಾರದವರೆಗೆ ಬೇರೆಯವರಿಗೆ ತೋರಿಸೋದಿಲ್ಲ" ಎಂದರು ದೊನ್ ಅತೀಲಿಯೊ. ಅದೂ ದೊಡ್ಡದೇ.

ಸುಲ್ಮಕ್ಕನಿಗೆ ಆಸ್ತಿವಂತರ ಪರಿಚಯಕ್ಕೇನು ಬರ? ಮೂವರೂ ಆಯುಷ್ಯವೆಲ್ಲ ಆಸ್ತಿಯ ಮೇಲಿನ ದೂಳು ಒರೆಸಿದವರು. ಹುಟ್ಟಿದ ದಿನದಿಂದ ನಿಲ್ಡಾ ಸಾಕಿದ ಹುಡುಗ ಈಗ ಡಾಕ್ಟರು. "ನಿಲ್ಡೂ, ಬೇರೆ ಏನಾದ್ರೂ ಕೇಳು, ಕೊಟ್ಟೆ ಅಂದ್ಕೋ" ಎಂದು ತಬ್ಬಿಕೊಂಡನಂತೆ. ಅಂದರೆ ಇದನ್ನು ಕೇಳಬೇಡ. ಎಲ್ಬಾಳ ಹಳೇ ಯಜಮಾನಿ ಮಾತ್ರ ಇಲ್ಲ ಅನ್ನಲಿಲ್ಲ. ಮನೆ ಮಕ್ಕಳ ಹೆಸರಿಗೆ ಬರೆದಾಗಿದೆ, ಆದರೆ ಚಕರೀತಾ ಸ್ಮಶಾನದಲ್ಲಿ ಮನೆತನದ ಸಮಾಧಿ ಇದೆ, ಅಮೃತಶಿಲೆ, ಅದೂ ರಾಜಧಾನಿಯ ಒಳಗೇ ತಾನೆ, ಅದನ್ನು ತಗೊಳ್ಳಿ ಎಂದರು.

ದೊನ್ ಅತೀಲಿಯೊ ಅದನ್ನು ಕೇಳಿ ತಲೆ ಕೆರೆದುಕೊಂಡರು. "ನೋಡಿ, ನಾಳೆ ನೀವು ಬಾಡಿಗೆ ಕೊಡಲಿಲ್ಲ ಅಂದ್ರೆ ನಾನು ಹೋಗಿ ಯಾರನ್ನ ಎಬ್ಬಿಸಲಿ?"

ಗುರುವಾರ ಮಧ್ಯಾಹ್ನ ಅಬ್ರಿಲಳನ್ನು ಶಾಲೆಯಿಂದ ಕರೆದುಕೊಂಡು ಬರುವಾಗ ತರಕಾರಿ ಅಂಗಡಿಗೆ ಹೋದೆ. ಸುಲ್ಮಕ್ಕ ಟೊಮೆಟೊ ರಾಶಿಯ ಮುಂದೆ ಸುಮ್ಮನೆ ನಿಂತಿದ್ದರು. ಒಂದನ್ನೂ ಮುಟ್ಟಿರಲಿಲ್ಲ. ಅಂಗಡಿಯ ಪ್ರಿಮಿತಿವಾ ಬೊಲಿವಿಯಾದವಳು, ಎರಡು ಜಡೆ, ಮಾತು ಕಮ್ಮಿ. ಅವಳಿಗೇ ಕಳವಳವಾಯಿತು.

"ಏನವ್ವಾ, ಇವತ್ತು ಹಿಸುಕಿ ನೋಡಲ್ವಾ? ಜ್ವರವಾ?"

ನಾನು ಜಾಮೀನಿನ ಕತೆ ಹೇಳಿದೆ. ಸಮಾಧಿಯವರೆಗೂ ಹೇಳಿದೆ. ಪ್ರಿಮಿತಿವಾ ನಗಲಿಲ್ಲ, ನನ್ನ ಆಲೂಗಡ್ಡೆ ತೂಗಿದಳು, ಚೀಲಕ್ಕೆ ಸುರಿದಳು.

"ಲಿನಿಯೆರ್ಸ್‌ನಲ್ಲಿ, ರಾಜಧಾನಿ ಎಲ್ಲೆ ಒಳಗೇ, ನನ್ನದೊಂದು ಮನೆ ಇದೆ" ಎಂದಳು ಆಮೇಲೆ. "ಇಟ್ಟಿಗೆ ಇಟ್ಟಿಗೆ ನಾನೂ ಗಂಡನೂ ಕಟ್ಟಿದ್ದು. ಪತ್ರ ನನ್ನ ಹೆಸರಲ್ಲೇ ಇದೆ. ಅದು ನಡಿಯುತ್ತಾ?"

ಸುಲ್ಮಕ್ಕ ತಲೆ ಎತ್ತಿದರು. "ನಿನಗೆ ತಲೆ ಕೆಟ್ಟಿದೆಯಾ? ನಾನು ನಿನಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ. ಇಷ್ಟು ವರ್ಷ ಬೇರೆಯವರ ದುಡ್ಡಲ್ಲಿ ಬೇರೆಯವರ ಮನೆಗೆ ತರಕಾರಿ ತಗೊಂಡಿದೀಯ. ಒಂದು ಕಾಯಿ ಕೆಟ್ಟಿದ್ರೂ ಬಿಟ್ಟವಳಲ್ಲ, ಒಂದು ಕಾಯಿ ಜಾಸ್ತಿ ಬಿದ್ದಿದ್ರೂ ವಾಪಸ್ ಕೊಟ್ಟು ಹೋದೆ. ಬೇರೆಯವರ ಮನೆಗೇ ಹಿಂಗೆ ಮಾಡಿದೋಳು, ನಿನ್ನ ಮನೆ ಬಾಡಿಗೆ ಬಾಕಿ ಇಟ್ಕೋತೀಯಾ?"

"ಯೋಚನೆ ಮಾಡಿ ಹೇಳು ಪ್ರಿಮಿತಿವಾ. ಮನೆ ಅದು."

"ಗಂಡನ್ನ ಕೇಳ್ತೀನಿ. ಅವನು ಹೂಂ ಅಂತಾನೆ, ಅನ್ನದಿದ್ರೆ ಊಟ ಇಲ್ಲ. ಆದ್ರೆ ಒಂದು ಮಾತು. ಇನ್ಮೇಲೆ ಟೊಮೆಟೊ ಹಿಸುಕೋ ಹಾಗಿಲ್ಲ."

"ಹಾಗಾದ್ರೆ ಜಾಮೀನು ಬೇಡ" ಎಂದರು ಸುಲ್ಮಕ್ಕ. ಹಾಗೆಂದವರೇ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತರು. ಅಬ್ರಿಲ್ ಅವರಿಗೊಂದು ಟೊಮೆಟೊ ತಂದುಕೊಟ್ಟಳು.

ಶುಕ್ರವಾರ ಪ್ರಿಮಿತಿವಾ ಹಬ್ಬದ ಸ್ಕರ್ಟು ಉಟ್ಟು, ಗಂಡನನ್ನೂ ಕರೆದುಕೊಂಡು, ಮನೆಪತ್ರವನ್ನು ಬಣ್ಣದ ಪಟ್ಟೆಯ ಬಟ್ಟೆಯಲ್ಲಿ ಮಗುವಿನಂತೆ ಬೆನ್ನಿಗೆ ಕಟ್ಟಿಕೊಂಡು ಬಂದಳು. ನೋಟರಿ ಕಚೇರಿಯಲ್ಲಿ ಎಲ್ಲ ಸರಿಯಾಗಿದೆ ಎಂದರು. ದೊನ್ ಅತೀಲಿಯೊ ಎದ್ದುನಿಂತು ಬೀಗದಕೈ ಗೊಂಚಲನ್ನು ಎರಡೂ ಕೈಯಲ್ಲಿ ಕೊಟ್ಟರು. "ಮುಂಬಾಗಿಲಿಗೆ ಈ ದೊಡ್ಡದು" ಎಂದರು. ಸುಲ್ಮಕ್ಕ ಅದೊಂದನ್ನು ಬಿಡಿಸಿಕೊಂಡು ರವಿಕೆಯೊಳಗೆ ಇಟ್ಟುಕೊಂಡರು.

ಮನೆ ತುಂಬಿದ ದಿನ ನಮ್ಮ ಬೀದಿಯೇ ನಿಂತು ನೋಡಿತು. ಸಾಮಾನು ಹಿಂದಿನ ಲಿಫ್ಟಿನಲ್ಲೇ ಹೋಗಬೇಕು ಎಂದು ಗಸ್ತೋನ್ ಹೆದರುತ್ತಲೇ ಹೇಳಿದ.

"ಹೋಗಲಿ ಬಿಡಪ್ಪಾ" ಎಂದರು ಸುಲ್ಮಕ್ಕ. "ಮೇಜಿಗೇನು ಅವಮಾನ?"

ತಾವು ಮೂವರು ಮಾತ್ರ ಬ್ಯೂಟಿಪಾರ್ಲರಿನಲ್ಲಿ ಕೂದಲು ಸೆಟ್ ಮಾಡಿಸಿಕೊಂಡು ಕನ್ನಡಿ ಲಿಫ್ಟಿನಲ್ಲಿ ಹೋದರು. ಸುಮ್ಮನೆ ಕೆಳಗಿಳಿದು ಇನ್ನೊಮ್ಮೆ ಹೋದರು. ಬೀದಿ ಕಡೆಯ ಮೂರು ಕೋಣೆಗೆ ಮೂರು ಮಂಚ, ಒಬ್ಬೊಬ್ಬರಿಗೆ ಒಂದೊಂದು ಬಾಲ್ಕನಿ. ಎಲ್ಬಾ ಮಂಚದ ಸುತ್ತ ಒಂದು ಪ್ರದಕ್ಷಿಣೆ ಬಂದು, "ನೋಡೇ, ನಾಲ್ಕೂ ಕಡೆಯಿಂದ ಏಳಬಹುದು" ಎಂದಳು.

ಕೊನೆಗೆ ಉಳಿದದ್ದು ಅಡುಗೆಮನೆ ಹಿಂದಿನ ಕೋಣೆ. ಬಾಡಿಗೆಗೆ ಕೊಟ್ಟರೆ ನಾಲ್ಕು ಕಾಸು ಬರುತ್ತದೆ ಎಂದು ನಾನು ಸಂಸಾರಸ್ಥಳ ಬುದ್ಧಿ ಹೇಳಿದೆ. ಒಬ್ಬ ಓದುವ ಹುಡುಗಿ ಮಲಗಬಹುದಲ್ಲ ಎಂದೆ.

"ಅದರಲ್ಲಿ ಇನ್ನು ಮನುಷ್ಯರು ಮಲಗಲ್ಲ ನೊಯೆಲಿಯಾ" ಎಂದರು ಸುಲ್ಮಕ್ಕ. ಪ್ರಿಮಿತಿವಾ ಉಡುಗೊರೆಯಾಗಿ ಕಳಿಸಿದ ಮೂಟೆಯನ್ನು ತಾವೇ ಎಳೆದುಕೊಂಡು ಹೋಗಿ ಅಲ್ಲಿಟ್ಟರು. "ಕತ್ತಲೆ, ತಂಪು, ಗಾಳಿಗೇನೂ ಕೊರತೆ ಇಲ್ಲ. ಆಲೂಗಡ್ಡೆ ಒಂದು ದಿನ ದೂರು ಹೇಳಿದ್ರೆ ಕೇಳು."

ಅದಾಗಿ ಎರಡು ವಾರ. ಹಜಾರದಿಂದ ಹೊಲಿಗೆ ಯಂತ್ರದ ಸದ್ದು ಮೆಟ್ಟಿಲಿಗೆಲ್ಲ ಕೇಳುತ್ತದೆ. ಬೆಳಗ್ಗೆ ಮೂವರೂ ಬಾಲ್ಕನಿಯಿಂದ ಬಾಲ್ಕನಿಗೆ ಮಾತಾಡುವುದನ್ನು ಎದುರು ಸಾಲಿನವರೂ ಕೇಳಿಸಿಕೊಳ್ಳುತ್ತಾರೆ. ಇವತ್ತು ನಾನು ಮೂರನೇ ಮಹಡಿಯ ಗಾಜು ಒರೆಸುತ್ತಿದ್ದಾಗ ಸುಲ್ಮಕ್ಕ ಹೊರಗೆ ಬಂದರು. ಬರುವ ಭಾನುವಾರ ಊಟಕ್ಕೆ ಕರೆದಿದ್ದಾರೆ. ಪ್ರಿಮಿತಿವಾ ಮತ್ತವಳ ಗಂಡ, ನಾವು ಮೂವರು, ಮಗಳ ಊರಿನಿಂದ ದೊನ್ ಅತೀಲಿಯೊ ಕೂಡ. ನಮ್ಮೂರ ಕಡೆಯ ಎಂಪನಾಡ ಕಡುಬು ಮಾಡ್ತೀವಿ, ಹಿಟ್ಟು ಆಗಲೇ ತಂದಾಯಿತು ಎಂದರು.

"ನಾನೇನು ತರಲಿ?" ಎಂದೆ.

"ಏನೂ ತರಬೇಡ. ಒಂದು ಉಪಕಾರ ಮಾಡು" ಎಂದು ದನಿ ತಗ್ಗಿಸಿದರು. "ನೆಂಟರಿಗೆ ಬಡಿಸೋದು ನಮ್ಮ ಮೂವರಿಗೂ ಗೊತ್ತು. ನೆಂಟರ ಜೊತೆ ಕೂತು ಉಣ್ಣೋದು ಒಬ್ಬರಿಗೂ ಗೊತ್ತಿಲ್ಲ. ನೀನು ನನ್ನ ಪಕ್ಕದಲ್ಲಿ ಕೂತ್ಕೋ. ನಾನು ಏಳೋದಕ್ಕೆ ಹೊರಟ್ರೆ ಸ್ಕರ್ಟು ಹಿಡಿದು ಕೂರಿಸು. ಬೈದ್ರೂ ಬಿಡಬೇಡ."