ಪಿಕಪ್ಪನ್ನು ಒಂದು ಗೇಣು ಎತ್ತಿದ್ದು

ಯಾವ ಗಾಡಿಯೇ ಎದುರಿಗೆ ಬಂದು ನಿಲ್ಲಲಿ, ನಾನು ಮೊದಲು ನೋಡುವುದು ಅದರ ಹೊಟ್ಟೆಯನ್ನು. ಬಣ್ಣ, ದೀಪ, ಕಂಪನಿಯ ಹೆಸರು ಎಲ್ಲ ಆಮೇಲೆ. ನೆಲಕ್ಕೂ ಹೊಟ್ಟೆಗೂ ನಡುವೆ ಎಷ್ಟು ಜಾಗವಿದೆ ಎಂದು ಬಗ್ಗಿ ನೋಡಿದ ಮೇಲೇ ನನಗೆ ಸಮಾಧಾನ. ಒಮ್ಮೆ ಯಾರದೋ ಮನೆ ಮುಂದೆ ಹೀಗೆ ಬಗ್ಗಿದ್ದಾಗ ಒಬ್ಬರು, ‘ಏನ್ರೀ, ಏನಾದ್ರೂ ಬಿದ್ದೈತೇನ್ರೀ?’ ಎಂದು ತಾವೂ ಬಗ್ಗಿ ಹುಡುಕತೊಡಗಿದರು. ಕೊನೆಗೆ ಬಿದ್ದದ್ದು ಅವರ ಕನ್ನಡಕ.

ಈಗ ಗಾಡಿ ಎತ್ತರಿಸಬೇಕೆನ್ನುವವರಿಗೆ ಬೇಕಾದ ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಮನೆಗೇ ಬರುತ್ತದಂತೆ. ನಮ್ಮ ಕಾಲದಲ್ಲಿ ಪೆಟ್ಟಿಗೆ ಇರಲಿಲ್ಲ, ಸಲಹೆಗಳಿದ್ದವು. ಅವೂ ಮನೆಗೇ ಬರುತ್ತಿದ್ದವು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನ್ಯಾಮತಿಯಲ್ಲಿ ನಮ್ಮದು ಗೋಲಿ ಸೋಡಾ ಮಾಡುವ ಮನೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವಳು ಅವ್ವ. ಸೋಡಾ ಮಿಷನ್ನಿನ ಹಿಡಿ ತಿರುಗಿಸುವುದು, ಶುಂಠಿ ಅರೆಯುವುದು, ಬಾಟಲಿ ತೊಳೆಯುವುದು ಇವೆಲ್ಲ ನಮ್ಮಿಬ್ಬರಿಗೂ ಸೇರಿದ ಕೆಲಸ. ಪ್ರತಿ ಮಂಗಳವಾರ ಬಾಟಲಿಗಳನ್ನು ಹೊನ್ನಾಳಿ, ಬಸವಾಪಟ್ಟಣ, ಚನ್ನಗಿರಿಯ ಅಂಗಡಿಗಳಿಗೆ ಹಾಕಿ ಬರುವುದು ನನ್ನದು. ನನ್ನ ಪಕ್ಕದಲ್ಲಿ ಅವ್ವ ಇರಲೇಬೇಕು. ‘ಅಂಗಡಿಯೋರಿಗೆ ನಿನ್ನ ಮುಖ ಗೊತ್ತಿಲ್ಲ, ನಂದು ಗೊತ್ತೈತೆ’ ಎನ್ನುವುದು ಅವಳು ಕೊಡುತ್ತಿದ್ದ ಕಾರಣ. ಐದು ವರ್ಷ ಕಳೆದರೂ ಅಂಗಡಿಯವರಿಗೆ ನನ್ನ ಮುಖ ಗೊತ್ತಾಗದೇ ಇದ್ದದ್ದು ಹೇಗೆ ಎಂದು ನಾನೂ ಕೇಳಲಿಲ್ಲ.

ಗಂಡ ಸತ್ತ ಹೆಂಗಸನ್ನು ಆಗ ಶುಭಕಾರ್ಯಕ್ಕೆ ಯಾರೂ ಕರೆಯುತ್ತಿರಲಿಲ್ಲ. ಆದರೆ ಮದುವೆಗೆ ಸೋಡಾ ಬೇಕಲ್ಲ. ಜನ ಸೋಡಾವನ್ನು ಕರೆಯುತ್ತಿದ್ದರು, ಸೋಡಾದ ಜೊತೆ ಅವ್ವ ಹೋಗುತ್ತಿದ್ದಳು. ಚಪ್ಪರದ ಪಕ್ಕ ಬಾಟಲಿ ಪೆಟ್ಟಿಗೆಗಳ ನಡುವೆ ಕೂತು ಹೆಣ್ಣನ್ನೂ ಗಂಡನ್ನೂ ಕಣ್ತುಂಬ ನೋಡಿ ಬರುತ್ತಿದ್ದಳು.

ನಮ್ಮ ಗಾಡಿಯೆಂದರೆ ಮುಂದೆ ಇಬ್ಬರು ಕೂರುವ, ಹಿಂದೆ ತೆರೆದ ತೊಟ್ಟಿಯಿದ್ದ ಹಳೆಯ ಪಿಕಪ್ಪು. ನಮಗಿಂತ ಮೊದಲು ಅದನ್ನು ಇಟ್ಟುಕೊಂಡಿದ್ದವರು ಕಲ್ಲು ಹೊರಿಸಿ ಹೊರಿಸಿ ಚಕ್ರಗಳ ಮೇಲೆ ಭಾರ ಹೊರುವ ಅದರ ಕಮಾನು ಪಟ್ಟಿಗಳನ್ನು ಚಪ್ಪಟೆ ಮಾಡಿದ್ದರು. ಕಮಾನು ಎನ್ನುವ ಮಾತು ನಮಗೆ ಪಾರಸಿಯಿಂದ ಬಂದದ್ದು, ಅಲ್ಲಿ ಬಿಲ್ಲಿಗೆ ಹಾಗೆನ್ನುತ್ತಾರೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಅದು ಬಾಗಿಲ ಮೇಲೂ ಕೂತಿತು, ಎತ್ತಿನ ಗಾಡಿಯ ಮೇಲೂ ಕೂತಿತು, ಕೊನೆಗೆ ಮೋಟಾರು ಗಾಡಿಯ ಕೆಳಗೂ ಹೋಗಿ ಸೇರಿತು. ನಮ್ಮ ಪಿಕಪ್ಪಿನಲ್ಲಿ ಮಾತ್ರ ಬಿಲ್ಲು ಹೋಗಿ ಬರೀ ಕೋಲು ಉಳಿದಿತ್ತು. ಗಾಡಿ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಬಾತುಕೋಳಿಯಂತೆ ಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಜಗಳೂರಿನಾಚೆ ಸೊಕ್ಕೆಯಿಂದ ಮದುವೆಗೆ ಸೋಡಾ ಬೇಕೆಂದು ಹೇಳಿಕಳಿಸಿದರು. ಅಷ್ಟು ದೂರದಿಂದ ಕರೆ ಬಂದದ್ದು ಅವ್ವನಿಗೆ ಹೆಮ್ಮೆ. ಬೆಳಿಗ್ಗೆ ಬೇಗ ಎದ್ದು ಹೊರಟೆವು. ಊರು ಇನ್ನು ಎರಡು ಮೈಲಿ ಇದೆ ಎನ್ನುವಾಗ ಬಂಡಿ ದಾರಿಯ ನಡುವಿನ ಒಂದು ಕಲ್ಲು ಪಿಕಪ್ಪಿನ ಹೊಟ್ಟೆಗೆ ಬಡಿದು, ಎಂಜಿನ್ನಿನ ಆಯಿಲೆಲ್ಲ ದಾರಿಗೆ ಸುರಿದುಹೋಯಿತು. ಎತ್ತಿನ ಗಾಡಿ ಹುಡುಕಿ ತಂದು ಪೆಟ್ಟಿಗೆ ಸಾಗಿಸುವಷ್ಟರಲ್ಲಿ ಧಾರೆ ಮುಗಿದು, ಊಟ ಮುಗಿದು, ಬೀಗರು ಮಜ್ಜಿಗೆ ಕುಡಿದು ಮಲಗಿದ್ದರು. ವಾಪಸು ಬರುವಾಗ ಅವ್ವ ಹೇಳಿದ್ದು ಒಂದೇ ಮಾತು: ‘ಇನ್ನೊಂದ್ಸಲ ಹಿಂಗಾದ್ರೆ ನಮ್ಮ ಹೆಸರು ಹೋಗ್ತೈತೆ, ಶಿವು.’

ಗಾಡಿ ಎತ್ತರಿಸಲೇಬೇಕೆಂದು ನಾನು ತೀರ್ಮಾನಿಸಿದ್ದು ಆಗ. ಸುದ್ದಿ ಹರಡಿದ್ದೇ ತಡ, ಸ್ಟೀರಿಂಗು ಮುಟ್ಟದವರೂ ಪಂಡಿತರಾದರು. ಚನ್ನಗಿರಿಯ ಅಂಗಡಿಯವರೊಬ್ಬರು ದೊಡ್ಡ ಟೈರು ಹಾಕೆಂದರು. ಜಗಳೂರಿನ ಲಾರಿ ಡ್ರೈವರೊಬ್ಬ, ‘ಲಾರಿ ಪಟ್ಟಿ ಹಾಕ್ಸು, ಆನೆ ಆಗ್ತೈತೆ’ ಎಂದ. ಆನೆ ಎಂಬ ಮಾತು ನನ್ನ ತಲೆಗೆ ಹತ್ತಿತು. ಆಗ ನನಗೆ ಇಪ್ಪತ್ತಾರು ವರ್ಷ. ಆ ವಯಸ್ಸಿನಲ್ಲಿ ಬಾತುಕೋಳಿಯ ಮೇಲೆ ಕೂತು ಊರೂರು ತಿರುಗುವುದು ಕಷ್ಟ.

ಹೊನ್ನಾಳಿಯ ಗ್ಯಾರೇಜಿನ ಮೇಸ್ತ್ರಿ ರಹೀಂ ಸಾಬರು ಗಾಡಿಯ ಕೆಳಗೆ ತೂರಿ ಹೋಗಿ, ಬಹಳ ಹೊತ್ತಾದ ಮೇಲೆ ಹೊರಗೆ ಬಂದರು.

‘ನೋಡು ತಮ್ಮಾ, ಮೂರು ದಾರಿ ಐತೆ. ಇದೇ ಪಟ್ಟಿ ಬಿಚ್ಚಿ, ಕಾಯ್ಸಿ, ಮತ್ತೆ ಬಾಗ್ಸಿ ಕೂರ್ಸೋದು ಒಂದು. ನಾಕು ಬೆರಳು ಏಳ್ತೈತೆ. ಪಟ್ಟಿಗೂ ಅಚ್ಚಿಗೂ ನಡುವೆ ಕಬ್ಬಿಣದ ಗಟ್ಟಿ ಇಡೋದು ಇನ್ನೊಂದು. ಇಲ್ಲಾಂದ್ರೆ ಲಾರಿ ಪಟ್ಟಿ ಎರಡೆರಡು ಜಾಸ್ತಿ ಸೇರ್ಸೋದು. ಆಮ್ಯಾಲೆ ಗಾಡಿ ಬಗ್ಗಲ್ಲ, ನಿನ್ನ ಸೊಂಟ ಬಗ್ತೈತೆ.’

‘ಗಟ್ಟಿನೂ ಇಟ್ಟು ಲಾರಿ ಪಟ್ಟಿನೂ ಹಾಕಿದ್ರೆ?’

‘ಹಾಕಬೋದು. ಪಾಯಸಕ್ಕೆ ಬೆಲ್ಲನೂ ಹಾಕಬೋದು, ಮೆಣಸಿನಕಾಯಿನೂ ಹಾಕಬೋದು. ಏನು ಸಾಗಿಸ್ತೀಯಾ ಇದ್ರಾಗೆ?’

‘ಸೋಡಾ.’

‘ಹಂಗಾದ್ರೆ ನಾಕು ಬೆರಳು ಸಾಕು.’

ನಾನು ಕೇಳಲಿಲ್ಲ. ಗಟ್ಟಿಯೂ ಬಂತು, ಲಾರಿ ಪಟ್ಟಿಯೂ ಬಂತು, ದೊಡ್ಡ ಟೈರೂ ಬಂತು. ನಾಲ್ಕನೇ ದಿನ ಪಿಕಪ್ಪು ಹೆಚ್ಚೂಕಡಿಮೆ ಒಂದು ಗೇಣು ಎದ್ದು ನಿಂತಿತ್ತು. ಅದರ ಅಡಿಯಲ್ಲಿ ಕುರಿಮರಿ ತಲೆಯೆತ್ತಿಕೊಂಡು ಹಾದುಹೋಗಬಹುದಿತ್ತು. ಒಂದು ಹೋಗಿಯೂ ಹೋಯಿತು.

ಅವ್ವ ಬಾಗಿಲಲ್ಲಿ ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. ‘ಎತ್ತರ ಆತು’ ಎಂದಳು. ಅದನ್ನು ಮೆಚ್ಚುಗೆ ಎಂದುಕೊಂಡೆ. ಮಂಗಳವಾರ ಬಂದಾಗ ಅವಳು ಪಾವಟಿಗೆಯ ಮೇಲೆ ಕಾಲಿಡಲು ನೋಡಿದಳು, ಕಾಲು ಅಲ್ಲಿಗೆ ಏರಲಿಲ್ಲ. ನಾನು ಒಳಗಿನಿಂದ ಸ್ಟೂಲು ತಂದಿಟ್ಟೆ. ಆ ಹೊತ್ತಿಗೆ ಬೀದಿಯಲ್ಲಿ ಇಬ್ಬರು ನಿಂತು ನೋಡುತ್ತಿದ್ದರು.

‘ನಾನೇನು ಕುದುರೆ ಹತ್ತೋಳೇನೋ? ಇವತ್ತು ಮೊಣಕಾಲು ನೋಯ್ತೈತೆ, ನೀನು ಹೋಗಿ ಬಾ’ ಎಂದು ಅವಳು ಸ್ಟೂಲನ್ನು ತಾನೇ ಒಳಗಿಟ್ಟಳು.

ಮುಂದಿನ ಮಂಗಳವಾರವೂ ಮೊಣಕಾಲು ನೋಯಿತು. ಅದರ ಮುಂದಿನ ವಾರವೂ. ನಾನು ಆನೆಯ ಮೇಲೆ ಹೋಗುತ್ತಿದ್ದೆ. ಲಾರಿಯವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವ ಭಾಗ್ಯ ಸಿಕ್ಕಿತ್ತು. ಪಟ್ಟಿ ಬಿಗಿಯಾಗಿ ಪ್ರತಿ ಗುಂಡಿಗೂ ಗಾಡಿ ಎಗರಿ ಬೀಳುತ್ತಿತ್ತು, ಹಿಂದೆ ಬಾಟಲಿಗಳು ಒಡೆಯುತ್ತಿದ್ದವು, ಅದನ್ನೂ ಅಭಿಮಾನದಿಂದಲೇ ಸಹಿಸಿದೆ. ಪಕ್ಕದ ಸೀಟು ಖಾಲಿಯಿತ್ತು. ಅವ್ವನಿಗೂ ವಯಸ್ಸಾಯಿತು, ಮನೆಯಲ್ಲಿ ಹಾಯಾಗಿರಲಿ ಎಂದುಕೊಂಡೆ. ನಮಗೆ ಬೇಕಾದ ಅರ್ಥವನ್ನು ಇನ್ನೊಬ್ಬರ ಮೌನದಿಂದ ತೆಗೆಯುವುದರಲ್ಲಿ ಮಕ್ಕಳಷ್ಟು ನಿಪುಣರು ಬೇರೆ ಯಾರೂ ಇಲ್ಲ.

ಬಸವಾಪಟ್ಟಣದಲ್ಲಿ ಅವ್ವನ ತಂಗಿ, ನನ್ನ ಚಿಕ್ಕವ್ವ, ಇದ್ದಳು. ಮೊದಲೆಲ್ಲ ಪ್ರತಿ ವಾರ ನಾನು ಅಂಗಡಿಗೆ ಪೆಟ್ಟಿಗೆ ಇಳಿಸುವ ಅರ್ಧ ಗಂಟೆ ಅಕ್ಕ ತಂಗಿ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ಆರನೇ ಮಂಗಳವಾರ ಚಿಕ್ಕವ್ವ ನೇರವಾಗಿ ಗಾಡಿಯ ಹತ್ತಿರವೇ ಬಂದಳು.

‘ನಿಮ್ಮವ್ವಗೆ ನನ್ನ ಮ್ಯಾಲೆ ಸಿಟ್ಟೇನೋ?’

‘ಇಲ್ಲ ಚಿಕ್ಕವ್ವ, ಮೊಣಕಾಲು ನೋವು.’

‘ಮೊಣಕಾಲು ನನಗೂ ನೋಯ್ತೈತೆ. ಅದಕ್ಕೆ ಆರು ವಾರ ಬರಾಕೆ ಆಗಲ್ಲೇನು? ನಡಿ, ನಾನೇ ಬಂದು ಕೇಳ್ತೀನಿ.’

ಅವಳು ಬಾಗಿಲ ಹಿಡಿ ಹಿಡಿದು ಕಾಲೆತ್ತಿದಳು. ಕಾಲು ಏರಲಿಲ್ಲ. ಸೀರೆಯನ್ನು ಒಂದಿಷ್ಟು ಮೇಲೆತ್ತಿಕೊಂಡು ಇನ್ನೊಮ್ಮೆ ನೋಡಿದಳು. ಅಂಗಡಿಯ ಮುಂದೆ ಬೀಡಿ ಸೇದುತ್ತಿದ್ದವರು ಇತ್ತ ತಿರುಗಿದರು. ಚಿಕ್ಕವ್ವ ಸೀರೆಯನ್ನು ಪಟಕ್ಕನೆ ಬಿಟ್ಟು, ಹಿಂದೆ ಸರಿದು, ನಕ್ಕಳು.

‘ಬ್ಯಾಡಪ್ಪಾ, ಇನ್ನೊಂದ್ಸಲ ಬರ್ತೀನಿ.’

ಆ ನಗು ನನಗೆ ಗೊತ್ತಿತ್ತು. ಸ್ಟೂಲನ್ನು ಒಳಗೆ ತೆಗೆದುಕೊಂಡು ಹೋಗುವಾಗ ಅವ್ವನ ಮುಖದಲ್ಲಿ ಇದ್ದದ್ದೂ ಅದೇ. ವಾರಕ್ಕೊಮ್ಮೆ ಹೊರಗೆ ಬರಲು ಅವಳಿಗಿದ್ದ ಒಂದೇ ಬಾಗಿಲನ್ನು ನಾನು ಒಂದು ಗೇಣು ಮೇಲಕ್ಕೆ ಎತ್ತಿಟ್ಟಿದ್ದೆ. ಚನ್ನಗಿರಿಗೆ ಹೋಗಲಿಲ್ಲ. ಗಾಡಿ ತಿರುಗಿಸಿ ನೇರವಾಗಿ ಹೊನ್ನಾಳಿಗೆ ಬಂದೆ.

ರಹೀಂ ಸಾಬರು ಎಲ್ಲ ಕೇಳಿಸಿಕೊಂಡರು. ‘ನಾನು ಅವತ್ತೇ ಹೇಳಿದ್ದೆ’ ಎನ್ನಬಹುದಿತ್ತು, ಅನ್ನಲಿಲ್ಲ.

‘ನಂದೂ ತಪ್ಪೈತೆ ತಮ್ಮಾ. ಏನು ಸಾಗಿಸ್ತೀಯಾ ಅಂತ ಕೇಳ್ದೆ, ಯಾರು ಕೂರ್ತಾರೆ ಅಂತ ಕೇಳ್ಲಿಲ್ಲ’ ಎಂದು ಜಾಕು ತರಲು ಎದ್ದರು.

ಗಟ್ಟಿ ಹೋಯಿತು, ಲಾರಿ ಪಟ್ಟಿ ಹೋಯಿತು, ಟೈರು ಮೊದಲಿನದೇ ಬಂತು. ಹಳೆಯ ಪಟ್ಟಿಗಳನ್ನು ಕಾಯಿಸಿ ಬಾಗಿಸಿ ಕೂರಿಸಿದರು. ನಾಲ್ಕು ಬೆರಳು.

ಗಾಡಿಯನ್ನು ತಂದು ಮನೆ ಮುಂದೆ ನಿಲ್ಲಿಸಿದೆ. ಮಂಗಳವಾರ ಬೆಳಿಗ್ಗೆ ಪೆಟ್ಟಿಗೆ ತುಂಬಿ ಮುಗಿಸಿ ನೋಡಿದರೆ ಅವ್ವ ಸೀರೆ ಬದಲಿಸಿ, ತಲೆ ಬಾಚಿ, ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಒಂದೇ ಹೆಜ್ಜೆಗೆ ಹತ್ತಿ ಕೂತಳು. ಮೊಣಕಾಲಿನ ಸುದ್ದಿಯನ್ನು ಅವಳೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಹೊನ್ನಾಳಿ ಹೊಳೆಯ ಸೇತುವೆ ದಾಟುವಾಗ ಮಾತ್ರ, ‘ನೀರು ಎಷ್ಟು ಇಳಿದೈತೆ ನೋಡು’ ಎಂದಳು. ಎಂದೂ ನೋಡದವಳಂತೆ ನೋಡಿದಳು.

ಬಸವಾಪಟ್ಟಣದಲ್ಲಿ ಪೆಟ್ಟಿಗೆ ಇಳಿಸಿ, ‘ಅವ್ವಾ, ಹೋಗಾಣೇನು?’ ಎಂದು ಕರೆದೆ.

‘ನೀನು ಚನ್ನಗಿರಿ ಮುಗ್ಸ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ’ ಎಂದು ಜಗಲಿಯಿಂದಲೇ ಉತ್ತರ ಬಂತು. ಚನ್ನಗಿರಿಯ ಅಂಗಡಿಯವರಿಗೆ ನನ್ನ ಮುಖ ಆ ದಿನ ಹೇಗೋ ಗೊತ್ತಾಯಿತು.

ಸಂಜೆ ವಾಪಸು ಬಂದರೆ ಇಬ್ಬರೂ ಜಗಲಿಯಲ್ಲೇ ಇದ್ದರು, ಪಕ್ಕದಲ್ಲಿ ಒಂದು ಬಟ್ಟೆ ಗಂಟು. ಚಿಕ್ಕವ್ವ ನಾಲ್ಕು ದಿನ ಅಕ್ಕನ ಮನೆಯಲ್ಲಿ ಇದ್ದು ಬರುವುದೆಂದು ಗೊತ್ತುಮಾಡಿಯಾಗಿತ್ತು. ಅವಳು ನ್ಯಾಮತಿಗೆ ಬಂದು ಎಷ್ಟು ವರ್ಷವಾಗಿತ್ತೋ. ಇಬ್ಬರ ಸೀಟಿನಲ್ಲಿ ಮೂವರು ಕೂತೆವು. ಚಿಕ್ಕವ್ವನ ಮೊಣಕಾಲು ಗೇರಿನ ಕೋಲಿಗೆ ಅಡ್ಡ ಬಂದು ಎರಡನೇ ಗೇರು ಬೀಳಲೇ ಇಲ್ಲ. ಸ್ವಲ್ಪ ಸರಿ ಎನ್ನೋಣವೆಂದು ತಿರುಗಿದರೆ, ಇಬ್ಬರೂ ಯಾವುದೋ ಹಳೆಯ ಮಾತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಬಸವಾಪಟ್ಟಣದಿಂದ ನ್ಯಾಮತಿಯವರೆಗೂ ನಾನು ಎರಡನೇ ಗೇರಿಲ್ಲದೆಯೇ ಗಾಡಿ ಓಡಿಸಿದೆ.